ಬಿಸಿಯೇರದ ಮಂಜುಗಡ್ಡೆ

ಕಡಲ ದಂಡೆಯ ಮೇಲೊಂದು ಪ್ರಯೋಗಶಾಲೆ. ಅಲ್ಲಿ ಯಮುನಾ ಶಾನಭಾಗರು ಗುರು, ಬಸವಂತ ಶಿಷ್ಯ.

ಹಡಗಿನವರು ಕಡಲ ತಳದಿಂದ ಎರಡೇ ಎರಡು ಗಡ್ಡೆ ತಂದುಕೊಟ್ಟಿದ್ದರು. ನೋಡಲು ಮಂಜುಗಡ್ಡೆ, ಒಳಗೆ ಬಚ್ಚಿಟ್ಟುಕೊಂಡಿದ್ದು ಅನಿಲ. ಕಡ್ಡಿ ಗೀರಿದರೆ ಧಗ್ಗನೆ ಉರಿಯುತ್ತದೆ! ತಂಪು, ಒತ್ತಡ ಎರಡೂ ಇದ್ದರಷ್ಟೇ ಅದು ಉಳಿಯುವುದು. ಅದಕ್ಕೇ ಒಂದೊಂದನ್ನೂ ಉಕ್ಕಿನ ಪಾತ್ರೆಯಲ್ಲಿ ಬಿಗಿದಿಟ್ಟಿದ್ದರು.

ಬಿಸಿ ಸೂಜಿ ಚುಚ್ಚಿ, ಗಡ್ಡೆಯೊಳಗೆ ಶಾಖ ಹೇಗೆ ಹರಿಯುತ್ತದೆಂದು ಅಳೆಯುವುದು ಬಸವಂತನ ಕೆಲಸ. ಅವನ ಇಷ್ಟು ವರ್ಷದ ಓದೆಲ್ಲ ಆ ಎರಡು ಗಡ್ಡೆಗಳನ್ನೇ ನಂಬಿಕೊಂಡಿತ್ತು.

ಒಂದು ಬೆಳಿಗ್ಗೆ ಹಿಗ್ಗಿ ಹೀರೇಕಾಯಿಯಾಗಿ ಓಡಿ ಬಂದ.

"ಮೇಡಂ, ಎಷ್ಟ್ ಕಾಸಿದ್ರೂ ಬಿಸಿ ಏರವಲ್ದ್ರಿ! ಕೊಟ್ಟ ಶಾಖ ಎಲ್ಲಾ ಸರಾಗ ದಾಟಿಸಿಬಿಡ್ತೈತಿ. ಭಾಳ ಗಟ್ಟಿ ಪಿಂಡ!"

"ಹೌದಾ? ಒತ್ತಡದ ಮುಳ್ಳು ನೋಡಿದೆಯಾ?"

"ಇಲ್ರಿ."

"ಹೋಗಿ ಒಳಗೆ ಇಣುಕು."

ಪಾತ್ರೆಗೊಂದು ಪುಟ್ಟ ಗಾಜಿನ ಕಿಂಡಿ. ಬಸವಂತ ಇಣುಕಿದ. ಗಡ್ಡೆಯೇ ಇಲ್ಲ! ಬರೀ ನೀರು, ಅದರಲ್ಲಿ ಗುಳ್ಳೆ.

ಗುರುಗಳು ಹಿಂದೆಯೇ ಬಂದು ನಿಂತಿದ್ದರು.

"ಶಾಖ ಎಲ್ಲಿಗೂ ದಾಟಲಿಲ್ಲ ಮಾರಾಯ. ಎಲ್ಲಾ ಗಡ್ಡೆ ಒಡೆದು ನೀರು, ಅನಿಲ ಆಗೋದಕ್ಕೇ ಹೋಯಿತು. ಒಡೆದು ಮುಗಿಯೋವರೆಗೆ ಬಿಸಿ ಏರೋದಿಲ್ಲ. ಎಷ್ಟು ಕಾಸಿದೆ?"

"ಪೂರಾರಿ. ಕಡಿಮಿ ಶಾಖ ಕೊಟ್ರ ಬಿಸಿ ತೋರ್ಸೋ ಅಂಕಿ ಒಂಚೂರ ಅಲುಗಾಡ್ತಿತ್ತು, ಅಷ್ಟ."

"ಅದೇ ಅದರ ಉತ್ತರ. ನಿನಗೆ ಅದು ಜೋರಾಗಿ ಕೇಳಿಸಬೇಕಿತ್ತು."

ಬಸವಂತ ನೆಲದ ಮೇಲೆ ಕುಸಿದು ಕೂತ. ಪಾಪ, ಕಣ್ಣೀರು ತಡೆಯಲಾಗಲಿಲ್ಲ ಅವನಿಗೆ.

ಗುರುಗಳು ಎರಡನೇ ಪಾತ್ರೆಗೆ ಸೂಜಿಯ ತಂತಿ ಜೋಡಿಸಿದರು. "ಏಳು. ಅಳೆ."

"ಬ್ಯಾಡ್ರಿ ಮೇಡಂ! ಉಳಿದದ್ದು ಇದೊಂದ. ನೀವ ಅಳೀರಿ."

"ಓದು ನಿನ್ನದೋ ನನ್ನದೋ?"

ಬಸವಂತ ಎದ್ದ. ಚಿಟಿಕೆಯಷ್ಟೇ ಶಾಖ ಕೊಟ್ಟು, ತಕ್ಷಣ ನಿಲ್ಲಿಸಿದ. ಅಂಕಿ ಒಂಚೂರು ಏರಿ ಇಳಿಯಿತು. ಒತ್ತಡದ ಮುಳ್ಳು ಕದಲಲಿಲ್ಲ. ಕಿಂಡಿಯಲ್ಲಿ ಇಣುಕಿದ. ಗಡ್ಡೆ ಇದ್ದ ಹಾಗೇ ಇತ್ತು.

ಅವನಿಗೆ ಉಸಿರು ಬಂತು. ಅಂಕಿ ಬರೆದುಕೊಂಡು ಕೇಳಿದ:

"ಮೇಡಂ, ಅಂಥಾ ಗಡ್ಡಿ ಹಾಳ್ ಮಾಡಿದ್ನಿ. ಒಂದ್ ಮಾತೂ ಬೈಲಿಲ್ಲಲ್ರಿ, ಯಾಕ?"

"ಸಿಟ್ಟು ನೆತ್ತಿಗೇರಿತ್ತು. ಆದರೆ ನೀನು ಎಷ್ಟು ಬೈದರೂ ಸುಮ್ಮನೆ ನಿಂತು ಕೇಳೋ ಹುಡುಗ. ಒಳಗೆ ಎಷ್ಟು ಒಡೀತು ಅಂತ ನನಗೆ ಹೇಗೆ ಗೊತ್ತಾಗಬೇಕು?"