ಹವಳಕ್ಕೆ ಎರಡು ಸೀಸೆ

ಕಡಲಂಚಿನ ಆಶ್ರಮವೊಂದರಲ್ಲಿ ಗುರುಗಳು ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕಿದ್ದರು. ಹನ್ನೊಂದು ವರ್ಷದ ಹಿಂದೆ ಉಗುರಿನಷ್ಟಿದ್ದದ್ದು ಈಗ ಬೊಗಸೆ ತುಂಬುವಷ್ಟಾಗಿತ್ತು.

ಅದು ಬೆಳೆಯಲು ಬೇಕಾದ ಲವಣಗಳು ಎರಡು ಸೀಸೆಗಳಲ್ಲಿದ್ದವು. ಬೆಳಿಗ್ಗೆ ಕ್ಯಾಲ್ಸಿಯಂ ನೀರು, ಸಂಜೆ ಅಡುಗೆ ಸೋಡಾ ಕರಗಿಸಿದ ನೀರು. ದಿನಕ್ಕೆ ಒಂದೊಂದು ಮುಚ್ಚಳ, ಹನಿಹನಿಯಾಗಿ.

ಗುರುಗಳು ಐದು ದಿನ ಪರವೂರಿಗೆ ಹೊರಟಾಗ ಈ ಕೆಲಸ ಶಿಷ್ಯ ಸುಬ್ರಾಯನ ಪಾಲಿಗೆ ಬಂತು.

ಸುಬ್ರಾಯ ಧ್ಯಾನಕ್ಕೆ ಕೂತ. ಮನಸ್ಸು ಎಂದಿಲ್ಲದಷ್ಟು ಚೆನ್ನಾಗಿ ನಿಂತಿತು. ನಾಲ್ಕು ದಿನ ಸೀಸೆಗಳ ನೆನಪೇ ಆಗಲಿಲ್ಲ.

ಐದನೆಯ ದಿನ ನೆನಪಾಯಿತು. ಓಡಿಹೋಗಿ ಐದೂ ದಿನದ ಪಾಲನ್ನು ಅಳೆದು, ಎರಡನ್ನೂ ಒಂದೇ ಚೆಂಬಿಗೆ ಸುರಿದ. ಚೆಂಬಿನೊಳಗೆಲ್ಲ ಬೆಳ್ಳಗಾಯಿತು. ಔಷಧಕ್ಕೆ ಕಸುವು ಬಂತೆಂದುಕೊಂಡು ತೊಟ್ಟಿಗೆ ಹುಯ್ದ.

ನೀರು ಕದಡಿತು. ಹವಳದ ಪುಟ್ಟ ಬಾಯಿಗಳಿಂದ ಚಾಚಿದ್ದ ಎಳೆಗಳೆಲ್ಲ ಒಳಸರಿದವು.

ಸಂಜೆ ಗುರುಗಳು ಬಂದು ನೋಡಿದರು.

“ಮಜ್ಜಿಗೆ ಚೆನ್ನಾಗಿ ಕಡೆದಿದ್ದೀಯ.”

“ಮರೆತಿದ್ದೆ, ಗುರುಗಳೇ. ಆದರೆ ಐದು ದಿನದ್ದನ್ನೂ ಹಾಕಿದ್ದೇನೆ. ಒಂದು ತೊಟ್ಟೂ ಕಡಿಮೆ ಮಾಡಿಲ್ಲ.”

“ಗಟ್ಟಿ ನೀರುಗಳೆರಡೂ ನೇರ ಸೇರಿದರೆ ಸೀಮೆಸುಣ್ಣದ ಪುಡಿಯಾಗುತ್ತದಪ್ಪ. ಅದರಲ್ಲಿ ಬರೆಯಬಹುದು. ಹವಳ ತಿನ್ನುವುದಿಲ್ಲ.”

ಸುಬ್ರಾಯ ತೊಟ್ಟಿಯೊಳಗೆ ಬಗ್ಗಿ ನೋಡಿದ. “ಸತ್ತುಹೋಯಿತೇ?”

“ಗೊತ್ತಿಲ್ಲ. ಕೊಡ ತಾ.”

ಕಡಲಿನಿಂದ ನೀರು ಹೊತ್ತು, ಬಟ್ಟೆಯಲ್ಲಿ ಸೋಸಿ, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಬದಲಿಸಿದರು. ಮರುದಿನವೂ ಅದೇ. ಎಪ್ಪತ್ತು ದಾಟಿದ ಗುರುಗಳು ತಮ್ಮ ಕೊಡವನ್ನು ತಾವೇ ಹೊತ್ತರು.

ಸುಬ್ರಾಯ ಬೈಗುಳಕ್ಕೆ ಕಾದ. ಅದು ಬರಲಿಲ್ಲ. ಮೂರನೆಯ ದಿನ ಮರಳಿನಲ್ಲಿ ನಡೆಯುತ್ತ ಅವನೇ ಕೇಳಿದ.

“ನನ್ನನ್ನು ಬೈಯಬಾರದೇ, ಗುರುಗಳೇ? ಆಶ್ರಮ ಬಿಟ್ಟು ಹೋಗು ಅನ್ನಬಾರದೇ?”

“ಸುಮ್ಮನೆ ನಡಿ. ಮಾತಾಡಿದರೆ ಕೊಡ ತುಳುಕುತ್ತದೆ.”

ಆರನೆಯ ದಿನ ನೀರು ತಿಳಿಯಾಯಿತು. ಹವಳ ಮಾತ್ರ ಕಲ್ಲಿನ ಹಾಗೇ ಇತ್ತು. ಸುಬ್ರಾಯನಿಗೆ ಅನ್ನ ಸೇರಲಿಲ್ಲ.

ಒಂಬತ್ತನೆಯ ಬೆಳಿಗ್ಗೆ, ಹವಳದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಬಾಯಿ ತೆರೆದು, ಎಳೆ ಚಾಚಿತು.

ಸುಬ್ರಾಯ ದೊಪ್ಪನೆ ಗುರುಗಳ ಕಾಲಿಗೆ ಬಿದ್ದ.

“ಇದನ್ನು ಉಳಿಸಿದಿರಿ, ನನ್ನನ್ನೂ ಉಳಿಸಿದಿರಿ. ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ. ಈ ಉಪಕಾರ ಏಳು ಜನ್ಮಕ್ಕೂ ಮರೆಯುವುದಿಲ್ಲ, ನನ್ನ ತಂದೆಯೂ ಹೀಗೆ...” ಅಳು, ಮಾತು ಎರಡೂ ಒಟ್ಟಿಗೇ ಬರುತ್ತಿದ್ದವು.

ಗುರುಗಳು ಅವನ ಭುಜ ಹಿಡಿದು ಎಬ್ಬಿಸಿದರು.

“ಇದೂ ದಿನಕ್ಕೆ ಒಂದು ಮುಚ್ಚಳ ಸಾಕು, ಸುಬ್ರಾಯ. ನಾಳೆಗೂ ಒಂದಿಷ್ಟು ಇಟ್ಟುಕೋ.”