ಡಿಕ್ಕಿ ತುಂಬ ಸ್ಪೀಕರ್

ಸ್ಪೋರ್ಟ್ಸ್ ಕಾರಿನ ಜೊತೆಗೇ ಬಂದಿದ್ದ ಸ್ಟೀರಿಯೊವನ್ನು ಮಾಲೀಕರು ಕಿತ್ತು ಒಬ್ಬ ಆಟೋದವನಿಗೆ ಕೊಟ್ಟರು. ಡಿಕ್ಕಿ ತುಂಬ ಹೊಸ ಸ್ಪೀಕರ್ ಕೂರಿಸಿದರು.

"ಸೊಳ್ಳೆಯೂ ನಿನಗಿಂತ ಜೋರಾಗಿ ಹಾಡುತ್ತದೆ, ನಡೆ" ಎಂದು ಸ್ಪೀಕರ್ ಹಳೆ ಸ್ಟೀರಿಯೊವನ್ನು ಬೀಳ್ಕೊಟ್ಟಿತು.

ಪೂಜೆಯ ದಿನ ಸ್ಪೀಕರಿಗೆ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣಿಟ್ಟು, ಇಡೀ ಬೀದಿಗೆ ಕೇಳುವಂತೆ ಗಣಪತಿಯ ಹಾಡು ಹಾಕಿದರು.

"ಸ್ವಲ್ಪ ತಗ್ಗಿಸು. ಗಾಡಿ ಸ್ಟಾರ್ಟ್ ಮಾಡಲು ನನಗೂ ಶಕ್ತಿ ಉಳಿಯಬೇಕು" ಎಂದಿತು ಬ್ಯಾಟರಿ.

"ದೇವರ ಹಾಡಿಗೇ ಅಡ್ಡ ಬರುತ್ತೀಯಾ, ಪಾಪಿ!" ಎಂದು ಸ್ಪೀಕರ್ ಇನ್ನಷ್ಟು ಅಬ್ಬರಿಸಿತು.

ಮಂಗಳಾರತಿಯ ಹೊತ್ತಿಗೆ ಹಾಡು ನಿಂತಿತು. ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಕೊನೆಗೆ ಅದೇ ಆಟೋ ಬಂದು ಹಗ್ಗ ಕಟ್ಟಿ ಎಳೆದಾಗ ನಿಂಬೆಹಣ್ಣುಗಳು ಪಚಕ್ಕನೆ ಒಡೆದವು.

"ಶುಭವಾಯಿತು! ನೀವು ವಿಶ್ರಾಂತಿ ತೆಗೆದುಕೊಳ್ಳಿ ಸ್ವಾಮಿ, ದಾರಿಯುದ್ದಕ್ಕೂ ಸೊಳ್ಳೆ ಹಾಡುತ್ತದೆ" ಎಂದಿತು ಆಟೋದಲ್ಲಿದ್ದ ಹಳೆ ಸ್ಟೀರಿಯೊ.