ಗೋಲ್‌ಕೀಪರ್ ಇದ್ದ ಕಾರ್ಡು

ಸುಬ್ರಾಯ ಖಾರ್ವಿ ಕಾರ್ಡನ್ನು ಹೊಳೆಗೆ ಎಸೆದ.

ದೀಕ್ಷೆಗೆ ಮೊದಲು ತನಗೆ ಅತಿ ಪ್ರಿಯವಾದದ್ದನ್ನು ಹೊಳೆಗೆ ಬಿಡಬೇಕು. ಅವನು ಕೆಲವು ದಿನಗಳಿಂದ ಪಾಠ ಕೇಳುತ್ತಿದ್ದ ಹೊಳೆದಡದ ಆಶ್ರಮದ ಕಟ್ಟಳೆ ಅದು.

ಸುಬ್ರಾಯ ಹಡಗಿನಲ್ಲಿ ದುಡಿದವನು. ಹೋದ ಬಂದರುಗಳಲ್ಲೆಲ್ಲ ಹಳೆಯ ಟೆಲಿಫೋನ್ ಕಾರ್ಡು ಕೂಡಿಸಿದವನು. ಬೂತಿನಲ್ಲಿ ತೂರಿಸಿ ಮಾತಾಡುವ ಕಾರ್ಡುಗಳು. ಒಂದೊಂದರ ಮೇಲೂ ಒಬ್ಬ ಆಟಗಾರ. ಓಟಗಾರರು, ಕುಸ್ತಿಯವರು, ಚೆಂಡಿನತ್ತ ಹಾರಿದ ಒಬ್ಬ ಗೋಲ್‌ಕೀಪರ್. ಎಸೆದದ್ದು ಆ ಗೋಲ್‌ಕೀಪರನನ್ನು. ಉಳಿದವು ಎದೆಗೊತ್ತಿಕೊಂಡ ಪೆಟ್ಟಿಗೆಯಲ್ಲಿ.

ಕಾರ್ಡು ಅಂಗಾತ ಬಿತ್ತು. ಮುಳುಗಲಿಲ್ಲ. ಸುಳಿಯಲ್ಲಿ ಒಂದು ಸುತ್ತು ಹಾಕಿ ಮೆಟ್ಟಿಲಿಗೇ ಬಂದು ತಾಗಿತು.

ಅಲ್ಲಿ ಕೂತಿದ್ದ ಗುರು ಅದನ್ನು ಎತ್ತಿಕೊಂಡರು. ಮೈತುಂಬ ಗೀರು. ಮೂಲೆ ಸವೆದಿತ್ತು.

“ಇವನೇನಾ ನಿನಗೆ ಎಲ್ಲರಿಗಿಂತ ಹೆಚ್ಚು?”

“ಹೌದು, ಗುರುಗಳೇ.”

“ಮತ್ತೆ ಪೆಟ್ಟಿಗೆಯನ್ನು ಯಾಕೆ ಹಾಗೆ ಅವಚಿಕೊಂಡಿದ್ದೀ?”

ಸುಬ್ರಾಯ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ತೆಗಿ.”

ತೆಗೆದ. ಎಲ್ಲಕ್ಕಿಂತ ಮೇಲೆ ಅದೇ ಗೋಲ್‌ಕೀಪರ್, ಅದೇ ಹಾರಿಕೆ. ಇದರ ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿರಲಿಲ್ಲ.

“ಇವನಿಗೆ ಅವಳಿ ಉಂಟೋ?”

“ಡಬಲ್, ಗುರುಗಳೇ. ಕಾರ್ಡು ಕೂಡಿಸುವವರು ಒಂದೇ ಚಿತ್ರದ್ದು ಎರಡು ಇಟ್ಟುಕೊಳ್ತಾರೆ. ಹೊಸದು ತಮಗೆ. ಬಳಸಿದ್ದು ಬದಲಿಗೆ ಕೊಡಲಿಕ್ಕೆ.”

“ಬದಲಿಗೆ ಏನು ಸಿಗ್ತದೆ?”

“ನಮ್ಮ ಹತ್ತಿರ ಇಲ್ಲದ್ದು.”

“ಇವತ್ತು ಏನು ತಗೊಳ್ಳುವ ಅಂತಿದ್ದೆ?”

ಸುಬ್ರಾಯ ಹೊಳೆಯ ಕಡೆ ನೋಡಿದ. “ದೀಕ್ಷೆ.”

ಗುರು ನಗಲಿಲ್ಲ. ಹೊಸ ಕಾರ್ಡಿನತ್ತ ಬೆರಳು ಮಾಡಿದರು. “ಅದನ್ನು ಬಿಡು.”

ಸುಬ್ರಾಯ ಅದನ್ನು ಎತ್ತಿಕೊಂಡ. ನೀರಿನ ಮೇಲೆ ಕೈ ಚಾಚಿದ. ಬೆರಳು ಬಿಚ್ಚಲಿಲ್ಲ.

“ಬಿಡುವುದಿಲ್ಲ.”

“ಏನಂದೆ?”

“ಬಿಡುವುದಿಲ್ಲ ಅಂದೆ. ಇದು ಇನಾಸನದ್ದು. ಹಡಗಿನಲ್ಲಿ ನನ್ನ ಪಕ್ಕದ ಮಂಚದವ. ಒಂದು ಬಂದರಿನಲ್ಲಿ ತಗೊಂಡಿದ್ದ, ತಿರುಗಿ ಬರುವಾಗ ಅಲ್ಲಿಂದಲೇ ಮಗಳಿಗೆ ಫೋನ್ ಮಾಡ್ತೇನೆ ಅಂತ. ತಿರುಗಿ ಬರುವ ಮೊದಲೇ ಅಲೆ ಎಳೆದುಕೊಂಡಿತು. ಇದರಲ್ಲಿ ಒಂದು ಮಾತೂ ಖರ್ಚಾಗಿಲ್ಲ. ನೀರು ಅವನನ್ನು ತಗೊಂಡಾಗಿದೆ. ಇದನ್ನೂ ಕೊಡಬೇಕಾ?”

“ಕಟ್ಟಳೆ.”

“ನಿಮ್ಮ ಕಟ್ಟಳೆ.”

“ದೀಕ್ಷೆ ಇಲ್ಲ.”

“ಬೇಡ.”

“ಇಲ್ಲಿ ಜಾಗವೂ ಇಲ್ಲ.”

“ಆಚೆ ದಡದಲ್ಲಿ ಕೂತ್ಕೊಳ್ತೇನೆ. ನೀವು ಹೇಳುವುದು ಅಲ್ಲಿಗೂ ಕೇಳ್ತದೆ. ಆ ದಡ ನಿಮ್ಮದಲ್ಲವಲ್ಲ.”

ಕಾರ್ಡನ್ನು ಒಳಗಿಟ್ಟು ಮುಚ್ಚಳ ಬಡಿದ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಇಳಿದ. ಹಿಂದೆ ನೋಡಲಿಲ್ಲ. ನೀರು ಸೊಂಟಕ್ಕೆ ಬಂತು.

“ಸುಬ್ರಾಯಾ.”

ನಿಂತ. ತಿರುಗಿದ.

ಗುರು ಗೀರು ಬಿದ್ದ ಕಾರ್ಡನ್ನು ಪಂಚೆಗೆ ಒರಸುತ್ತಿದ್ದರು. ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

“ಪೆಟ್ಟಿಗೆ ಜಾಗ್ರತೆ, ನೀರು ತಾಗೀತು,” ಅಂದರು. “ಇಷ್ಟು ದಿನ ನನ್ನೆದುರು ಕೂತದ್ದು ನಿನ್ನ ಡಬಲ್. ಈಗ ನೀನು ಬಂದು ಕೂತ್ಕೋ.”